ಕೆಟ್ಟ ಮಾಲೂ ಪ್ರಯೋಗಶಾಲೆಗೆ ಬರಬೇಕು

ಸರಕನ್ನು ಕೊಂಡು, ಕಾಪಾಡಿ, ಮಾರಿ ಅನುಭವವುಳ್ಳ ಉದ್ಯಮಿಗಳಿಗೆ ವಿಶ್ವವಿದ್ಯಾನಿಲಯದ ಸಂಶೋಧನೆಯಲ್ಲಿ ಏನು ಕೆಲಸವೆಂದು ಕೆಲವರು ಆಕ್ಷೇಪಿಸುವುದುಂಟು. ಈ ಆಕ್ಷೇಪಣೆಯು ಸರಿಯಲ್ಲವೆಂದು ನನ್ನ ಅಭಿಪ್ರಾಯ.

1895ರಲ್ಲಿ ಅಮೆರಿಕದ ಬಾಸ್ಟನ್ ನಗರದ ಅಂಡರ್‌ವುಡ್ ಎಂಬ ವರ್ತಕರು, ತಮ್ಮ ಡಬ್ಬಿಗಳಲ್ಲಿ ತುಂಬಿದ ಆಹಾರವು ಉಬ್ಬಿ ಕೆಡುತ್ತಿದ್ದ ಸಂಗತಿಯನ್ನು ಮುಚ್ಚಿಡದೆ ಅಲ್ಲಿನ ಎಂ.ಐ.ಟಿ. ವಿದ್ಯಾಲಯಕ್ಕೆ ಕೊಂಡೊಯ್ದರು. ಇಂತಹ ವರ್ತಕರು ವಿರಳ. ಪ್ರೆಸ್ಕಾಟ್ ಎಂಬ ವಿದ್ವಾಂಸರೊಡನೆ ತಾವೂ ಕುಳಿತು ಪರೀಕ್ಷಿಸಲಾಗಿ, ಕುದಿನೀರಿನ ಕಾವಿಗೂ ಸಾಯದ ಸೂಕ್ಷ್ಮಜೀವಿಗಳೇ ಕಾರಣವೆಂದೂ, 250 ಡಿಗ್ರಿ ಫ್ಯಾರನ್‌ಹೀಟ್ ಶಾಖವು ಡಬ್ಬಿಯ ಒಳಗೆ 10 ನಿಮಿಷ ನಿಂತರೆ ಅವು ನಾಶವಾಗುವುವೆಂದೂ ತಿಳಿಯಿತು. ಇದನ್ನು ಅವರು ಪೇಟೆಂಟ್ ಮಾಡಿಕೊಳ್ಳದೆ ಎಲ್ಲರಿಗೂ ಪ್ರಕಟಿಸಿದರು.

ನಮ್ಮ ಕಡಲೆಕಾಯಿಗೂ ಇದು ಅನ್ವಯಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆಯೇ ಅಫ್ಲಟಾಕ್ಸಿನ್ ವಿಷವು ಪತ್ತೆಯಾಯಿತು. ಅದು ಕಣ್ಣಿಗೆ ಕಾಣದು; ಹುರಿದರೂ ಪೂರ್ತಿ ಹೋಗದು. ಯಾವ ಕಡೆಯ ಮಾಲು ಯಾವ ತಿಂಗಳಲ್ಲಿ ಕೆಟ್ಟು ಬರುತ್ತದೆಂಬುದನ್ನು ಎಣ್ಣೆ ಗಿರಣಿಯವರೂ ಮಂಡಿಯವರೂ ಬಲ್ಲರು. ಪ್ರಯೋಗಶಾಲೆಯ ಪಂಡಿತರು ಬಲ್ಲರೆ?

ಆದರೆ ಸಂಶೋಧಿಸತಕ್ಕ ಪ್ರಶ್ನೆಯನ್ನು ಕೊಳ್ಳುವವರೇ ಗೊತ್ತುಮಾಡಿದರೆ ದೋಷವೆಲ್ಲವೂ ರೈತನ ತಲೆಗೆ ಬಂದೀತು. ಆದುದರಿಂದ ಗ್ರಾಮದ ಯಜಮಾನರೂ ಜಮೀನುದಾರರೂ ಅವರ ಜೊತೆಗೆ ಕುಳಿತುಕೊಳ್ಳತಕ್ಕದ್ದು. ಬೂಷ್ಟು ಹಿಡಿದ ಕಾಯನ್ನು ಒಳ್ಳೆಯ ಮಾಲಿನಲ್ಲಿ ಬೆರೆಸುವುದನ್ನು ಬಿಟ್ಟು, ಕಿತ್ತ ದಿನ, ಒಣಗಿಸಿದ ದಿನಗಳು, ನಡುವೆ ಬಿದ್ದ ಮಳೆ ಇವನ್ನು ಬರೆದು, ಕೃಷಿ ವಿಶ್ವವಿದ್ಯಾನಿಲಯಕ್ಕೆ ಮಾದರಿಯಾಗಿ ಕೊಡಿರಿ.