‘ಇಲ್ಲ’ ಅಂತ ಟಿಕ್ ಮಾಡಿ ಸಾರ್, ಯಾರು ನೋಡ್ತಾರೆ?

ಮೊನ್ನೆ ಒಬ್ಬ ಇನ್ಶೂರೆನ್ಸ್ ಏಜೆಂಟ್ ಫೋನಿನಲ್ಲಿ ನನಗೆ ಕೊಟ್ಟ ಸಲಹೆ ಇದು. ಸಲಹೆ ಏನೋ ಪುಕ್ಕಟೆ. ಅದರ ಬೆಲೆ ತೆರಬೇಕಾಗಿದ್ದವರು ಮಾತ್ರ ನಮ್ಮಪ್ಪ.

ಮೊದಲಿಂದ ಹೇಳ್ತೀನಿ. ನಮ್ಮಕ್ಕ ಇರೋದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಬರುವ ತಿಂಗಳು ಹೆರಿಗೆ. ಬಾಣಂತನಕ್ಕೆ ಅಪ್ಪ ಅಮ್ಮ ಹೊರಡಬೇಕು. ಷೆಂಗೆನ್ ವೀಸಾ ಬೇಕು ಅಂದ್ರೆ ಕನಿಷ್ಠ 30,000 ಯೂರೋ ಮೊತ್ತದ ಟ್ರಾವೆಲ್ ಮೆಡಿಕಲ್ ಇನ್ಶೂರೆನ್ಸ್ ಕಡ್ಡಾಯ. ಟಿಕೆಟ್ ಬುಕ್ ಆಗಿತ್ತು, ಅಮ್ಮ ಸಾಗರದಲ್ಲಿ ಕೂತು ಲೇಹ್ಯ ಕಾಸಿ ಡಬ್ಬಿಗೆ ತುಂಬಿಯೂ ಆಗಿತ್ತು. ಅಷ್ಟರಲ್ಲಿ ಅಪ್ಪನ ರಕ್ತ ಪರೀಕ್ಷೆಯಲ್ಲಿ ಪಿಎಸ್ಎ 7.8 ಅಂತ ಬಂತು. ಆಮೇಲೆ ಎಂಆರ್‌ಐ, ಆಮೇಲೆ ಬಯಾಪ್ಸಿ. ತೆಗೆದ 12 ಚೂರುಗಳಲ್ಲಿ ಎರಡರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್. ಅಪ್ಪನಿಗೆ 67 ವರ್ಷ.

ರಿಪೋರ್ಟ್ ನನ್ನ ಕೈಗೆ ಬಂದ ದಿನವೇ ಚಿಕ್ಕಪ್ಪನ ಫೋನು. "ಅವನಿಗೆ ಹೇಳ್ಬೇಡ ಮಾರಾಯ, ಕುಗ್ಗಿಹೋಗ್ತಾನೆ. ಪ್ರಾಸ್ಟೇಟ್ ಸ್ವಲ್ಪ ಊದಿದೆ, ಮಾತ್ರೆ ಕೊಟ್ಟಿದಾರೆ ಅಂದ್ಬಿಡು." ಬೇರೆಯವರನ್ನು ಬೈಯೋಕೆ ಮುಂಚೆ ಒಪ್ಕೋತೀನಿ, ಎರಡು ದಿನ ನಾನೂ ಹಾಗೇ ಮಾಡಿದೆ. ಮೂರನೇ ದಿನ ಅಪ್ಪ ನನ್ನ ಲ್ಯಾಪ್‌ಟಾಪ್ ಬ್ಯಾಗಿನಿಂದ ರಿಪೋರ್ಟ್ ತೆಗೆದು, ಕನ್ನಡಕ ಹಾಕ್ಕೊಂಡು, ಪೂರ್ತಿ ಓದಿ ಕೇಳಿದರು. "ಗ್ಲೀಸನ್ ಸ್ಕೋರ್ ಮೂರು ಪ್ಲಸ್ ಮೂರು ಆರು ಅಂತ ಬರ್ದಿದಾರಲ್ಲ, ಇದು ಎಷ್ಟಕ್ಕೆ ಆರು?" ಹತ್ತಕ್ಕೆ ಅಂದೆ. "ಫಸ್ಟ್ ಕ್ಲಾಸು. ಇದ್ರಲ್ಲಿ ಕಡಿಮೆ ಬಂದ್ರೇ ಒಳ್ಳೇದಿತ್ತೇನೋ" ಅಂದ್ರು. ಕುಗ್ಗಿದ್ದು ನಾನು.

ಡಾಕ್ಟರ್ ಹೇಳಿದ್ದು ಕೇಳಿ ಇನ್ನೂ ಆಶ್ಚರ್ಯ ಆಯ್ತು. ಆಚರಣೆಯಲ್ಲಿ ಕ್ಯಾನ್ಸರ್ ಅಂತ ಕೊಡುವ ಗ್ಲೀಸನ್ ಸ್ಕೋರ್ ಶುರುವಾಗೋದೇ ಆರರಿಂದ. ಅಂದ್ರೆ ಇದೇ ಅತಿ ಕಡಿಮೆ. ಇದಕ್ಕೆ ತಕ್ಷಣ ಆಪರೇಷನ್ ಬೇಕಿಲ್ಲ, ಪಿಎಸ್ಎ, ಎಂಆರ್‌ಐ, ಬೇಕಾದಾಗ ಬಯಾಪ್ಸಿ ಮಾಡಿಸ್ತಾ ಕಣ್ಣಿಟ್ಟಿದ್ದರೆ ಸಾಕು. ಆಕ್ಟಿವ್ ಸರ್ವೇಲೆನ್ಸ್ ಅಂತ ಇದರ ಹೆಸರು. ಬ್ರಿಟನ್ನಿನ ಪ್ರೊಟೆಕ್ಟ್ ಅನ್ನುವ ಅಧ್ಯಯನದಲ್ಲಿ, ಗ್ರಂಥಿಯಿಂದ ಆಚೆ ಹರಡದ ಕ್ಯಾನ್ಸರ್ ಇದ್ದ 1,643 ಗಂಡಸರನ್ನು ನಿಗಾ, ಆಪರೇಷನ್, ರೇಡಿಯೇಷನ್ ಅಂತ ಮೂರು ಗುಂಪು ಮಾಡಿ ನೋಡಿದರು. 15 ವರ್ಷದ ಲೆಕ್ಕ 2023ರಲ್ಲಿ ಹೊರಬಂತು. ಮೂರೂ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಮೂರು ಜನ. ಗ್ಲೀಸನ್ ಆರನ್ನು ಕ್ಯಾನ್ಸರ್ ಅಂತ ಕರೆಯೋದೇ ಬೇಡ ಅಂತ 2022ರಲ್ಲಿ ಕೆಲವು ತಜ್ಞರು ಲೇಖನವನ್ನೇ ಬರೆದರು. (ಎಲ್ಲರೂ ಒಪ್ಪಿಲ್ಲ. ಸ್ಕೋರ್ ಒಂಬತ್ತು ಇರೋರಿಗೆ, ಮೂಳೆಗೆ ಹರಡಿರೋರಿಗೆ ಈ ಮಾತು ಅನ್ವಯಿಸೋದೂ ಇಲ್ಲ.)

"ಹಾಗಾದ್ರೆ ಹೋಗಿಬರಬಹುದಾ?" ಅಂದ್ರು ಅಪ್ಪ. ಧಾರಾಳವಾಗಿ ಅಂದ್ರು ಡಾಕ್ಟರ್.

ಡಾಕ್ಟರ್ ಒಪ್ಪಿದರು, ವೆಬ್‌ಸೈಟ್ ಒಪ್ಪಲಿಲ್ಲ. ಇನ್ಶೂರೆನ್ಸ್ ಫಾರ್ಮಿನಲ್ಲಿ ಒಂದೇ ಪ್ರಶ್ನೆ: ಕ್ಯಾನ್ಸರ್ ಇದೆಯೇ ಅಥವಾ ಇತ್ತೇ? ಹೌದು / ಇಲ್ಲ. ‘ಹೌದು’ ಒತ್ತಿದ ಕೂಡಲೇ ‘ಕ್ಷಮಿಸಿ, ನಿಮಗೆ ಪಾಲಿಸಿ ನೀಡಲಾಗದು’. ಆಗಲೇ ನಾನು ಏಜೆಂಟ್‌ಗೆ ಫೋನ್ ಮಾಡಿದ್ದು, ಆತ ಮೇಲಿನ ಅಮೃತವಾಣಿ ನುಡಿದದ್ದು. ಆಫೀಸಿನಲ್ಲಿ ಕೇಳಿದರೆ ಅರ್ಧ ಜನ ಅದನ್ನೇ ಹೇಳಿದರು. "ಎಲ್ರೂ ಹಾಗೇ ಮಾಡೋದು ಗುರೂ."

ಮಾಡಬೇಡಿ ಸ್ವಾಮಿ. ಇದರಲ್ಲಿ ಧರ್ಮ ನೀತಿ ಎಲ್ಲ ಪಕ್ಕಕ್ಕಿಡಿ, ಬರೀ ಲೆಕ್ಕ ನೋಡಿ. ‘ಯಾರು ನೋಡ್ತಾರೆ’ ಅಂದ್ರೆ, ಪಾಲಿಸಿ ಕೊಡುವಾಗ ಯಾರೂ ನೋಡದೇ ಇರಬಹುದು. ನೋಡೋದು ಕ್ಲೇಮ್ ಬಂದಾಗ. ಆಗ ಊರಿನ ಡಾಕ್ಟರ ಹಳೇ ಕಾಗದ, ಲ್ಯಾಬ್ ರಿಪೋರ್ಟ್ ಎಲ್ಲ ಕೇಳ್ತಾರೆ. ಅಪ್ಪ ಐಂಡ್‌ಹೋವನ್‌ನ ಮಂಜಿನಲ್ಲಿ ಜಾರಿ ಸೊಂಟ ಮುರ್ಕೊಂಡ್ರು ಅಂದ್ಕೊಳ್ಳಿ. ಸೊಂಟಕ್ಕೂ ಕ್ಯಾನ್ಸರಿಗೂ ಸಂಬಂಧ ಇಲ್ಲದಿದ್ರೂ, ‘ಮುಖ್ಯ ವಿಷಯ ಮುಚ್ಚಿಟ್ಟಿದ್ದೀರಿ’ ಅಂತ ಪೂರ್ತಿ ಪಾಲಿಸಿಯ ಮೇಲೇ ತಕರಾರು ತೆಗೆಯೋಕೆ ನಾವೇ ದಾರಿ ಮಾಡಿಕೊಟ್ಟ ಹಾಗಾಯ್ತು. ಕ್ಯಾನ್ಸರಿನ ಭಯಕ್ಕೆ ಹೇಳಿದ ಸುಳ್ಳು ಸೊಂಟವನ್ನೂ ನುಂಗುತ್ತೆ. ಆಗ ಏಜೆಂಟ್ ಫೋನ್ ಎತ್ತುತ್ತಾನಾ?

ಹೇಳಿದರೆ ಏನು ಲಾಭ ಅನ್ನೋದಕ್ಕೆ ಒಂದು ನಿಜವಾದ ಕೇಸು ಇದೆ. 2009ರಲ್ಲಿ ಒಬ್ಬರು ಓವರ್‌ಸೀಸ್ ಮೆಡಿಕ್ಲೇಮ್ ಮಾಡಿಸಿ ಅಮೆರಿಕಕ್ಕೆ ಹೋದರು. ಡಯಾಬಿಟಿಸ್ ಇದೆ ಅಂತ ಮೊದಲೇ ತಿಳಿಸಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲೇ ಹೃದಯದ ತೊಂದರೆ, ಮೂರು ಸ್ಟೆಂಟ್. ಕಂಪನಿ ‘ಮೊದಲೇ ಇದ್ದ ಕಾಯಿಲೆ’ ಅಂತ ಕ್ಲೇಮ್ ತಳ್ಳಿಹಾಕಿತು. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಪ್ರಯಾಣಿಕರ ಪರ ತೀರ್ಪು ಕೊಟ್ಟಿತು. ತೀರ್ಪು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಗ್ರಾಹಕ ತಿಳಿಸಿದ ಕಾಯಿಲೆಯನ್ನು ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ, ಅದೇ ಕಾಯಿಲೆ ತೋರಿಸಿ ಕಂಪನಿ ಕೈ ಎತ್ತುವ ಹಾಗಿಲ್ಲ ಅಂತ ಅದರ ಸಾರ. ಹನ್ನೆರಡು ವರ್ಷ ಹಿಡಿಯಿತು ನಿಜ. ಆದರೆ ಕೋರ್ಟಿನಲ್ಲಿ ನಿಲ್ಲೋಕೆ ಅವರ ಕಾಲ ಕೆಳಗೆ ನೆಲ ಇತ್ತು. ‘ಇಲ್ಲ’ ಅಂತ ಟಿಕ್ ಮಾಡಿದವನ ಕಾಲ ಕೆಳಗೆ ಏನಿರುತ್ತೆ?

ಹಾಗಂತ ಕಂಪನಿಗಳೇನು ಸಾಚಾ ಅಲ್ಲ. ನಾನು ಹೊಟ್ಟೆಪಾಡಿಗೆ ಮಾಡೋದೇ ಇಂಥ ಫಾರ್ಮ್‌ಗಳ ಕೋಡ್ ಬರೆಯೋ ಕೆಲಸ. ಸಾವಿರ ಥರದ ಕಾಯಿಲೆಯನ್ನು ಒಂದು ಬೂಲಿಯನ್‌ಗೆ ತುರುಕೋದು ವೈದ್ಯಶಾಸ್ತ್ರ ಅಲ್ಲ, ಸೋಮಾರಿತನ. ಯಾವ ಕ್ಯಾನ್ಸರು, ಗ್ಲೀಸನ್ ಎಷ್ಟು, ಹರಡಿದೆಯಾ, ಚಿಕಿತ್ಸೆ ನಡೀತಿದೆಯಾ.. ಇನ್ನು ನಾಲ್ಕು ಡ್ರಾಪ್‌ಡೌನ್ ಹಾಕೋದು ಒಂದು ವಾರದ ಕೆಲಸವೂ ಅಲ್ಲ. ನಿಜ ಹೇಳಿದವನಿಗೆ ಬಾಗಿಲು ಮುಚ್ಚಿ, ಸುಳ್ಳು ಹೇಳಿದವನಿಂದ ಪ್ರೀಮಿಯಂ ತಗೊಳ್ಳೋ ಫಾರ್ಮು ಜನಕ್ಕೆ ಏನು ಕಲಿಸುತ್ತೆ? ಬ್ರಿಟನ್ನಿನಲ್ಲಿ 2021ರಿಂದ ಒಂದು ನಿಯಮ ಇದೆ. ಗಂಭೀರ ಕಾಯಿಲೆ ಅಂತ ಟ್ರಾವೆಲ್ ಇನ್ಶೂರೆನ್ಸ್ ನಿರಾಕರಿಸಿದರೆ, ಅಂಥವರಿಗೇ ಪಾಲಿಸಿ ಕೊಡುವ ಕಂಪನಿಗಳ ಪಟ್ಟಿಯತ್ತ ಗ್ರಾಹಕನಿಗೆ ದಾರಿ ತೋರಿಸಬೇಕು. ನಮ್ಮಲ್ಲೂ ಅಷ್ಟು ಮಾಡೋಕೆ ಏನು ಕಷ್ಟ?

ಕೊನೆಗೆ ನಾವು ಮಾಡಿದ್ದು ಇಷ್ಟು. ವೆಬ್‌ಸೈಟ್ ಬಿಟ್ಟು ಇನ್ನೊಂದು ಕಂಪನಿಯ ಬ್ರಾಂಚಿಗೆ ಹೋದೆವು. ಬಯಾಪ್ಸಿ ರಿಪೋರ್ಟ್ ಮತ್ತು ‘ಪ್ರಯಾಣಕ್ಕೆ ಅಡ್ಡಿಯಿಲ್ಲ’ ಅನ್ನೋ ಡಾಕ್ಟರ ಪತ್ರ ಕೊಟ್ಟೆವು, ಎಲ್ಲವನ್ನೂ ಇಮೇಲಿನಲ್ಲೂ ಕಳಿಸಿ ಉತ್ತರ ಬರವಣಿಗೆಯಲ್ಲೇ ಕೇಳಿದೆವು. ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಅದರಿಂದಾಗುವ ತೊಂದರೆಗಳನ್ನು ಹೊರಗಿಟ್ಟು, ಉಳಿದದ್ದಕ್ಕೆಲ್ಲ ಪಾಲಿಸಿ ಕೊಟ್ಟರು. "ಕ್ಯಾನ್ಸರ್ ಬಿಟ್ಟು ಕೊಟ್ಟ ಪಾಲಿಸಿ ತಗೊಂಡು ಏನುಪಯೋಗ?" ಅಂದರು ಚಿಕ್ಕಪ್ಪ. ಮೂರು ತಿಂಗಳಲ್ಲಿ ಅಪ್ಪನಿಗೆ ತೊಂದರೆ ಕೊಡಬಹುದಾದದ್ದು ಆ ಗ್ಲೀಸನ್ ಆರಕ್ಕಿಂತ ಹೆಚ್ಚಾಗಿ ಎದೆ, ಶ್ವಾಸಕೋಶ, ಮೂಳೆ. ಅವಕ್ಕೆಲ್ಲ ಈಗ ರಕ್ಷಣೆ ಇದೆ, ಯಾವುದಕ್ಕೆ ಇಲ್ಲ ಅನ್ನೋದೂ ಗೊತ್ತಿದೆ. ಅದಕ್ಕೆ ಅಂತ ಸ್ವಲ್ಪ ದುಡ್ಡು ಪಕ್ಕಕ್ಕಿಟ್ಟಿದ್ದೇವೆ.

ಅಪ್ಪ ಮೂವತ್ತು ವರ್ಷ ಪೋಸ್ಟ್ ಆಫೀಸಿನಲ್ಲಿದ್ದವರು. ಓದು ಬರಹ ಬಾರದವರಿಗೆ ಎಷ್ಟೋ ಫಾರ್ಮ್ ತುಂಬಿಕೊಟ್ಟಿದ್ದಾರೆ. ಬ್ರಾಂಚಿನಲ್ಲಿ ಆ ಪ್ರಶ್ನೆ ಬಂದಾಗ ನನ್ನ ಕೈಯಿಂದ ಪೆನ್ನು ತಗೊಂಡು ‘ಹೌದು’ ಅಂತ ತಾವೇ ಟಿಕ್ ಮಾಡಿ, ಪಕ್ಕದಲ್ಲಿ ಸಹಿ ಹಾಕಿದರು. "ನನ್ನ ಕಾಯಿಲೆ, ನಾನೇ ಬರೀತೀನಿ" ಅಂದ್ರು.

ಚಿಕ್ಕಪ್ಪನಿಗೂ ಏಜೆಂಟ್‌ಗೂ ನನ್ನ ಉತ್ತರ ಅದೇ. ನಿಮ್ಮನೆಯಲ್ಲೂ ಇಂಥ ರಿಪೋರ್ಟ್ ಯಾವುದಾದರೂ ಬ್ಯಾಗಿನಲ್ಲಿ ಅಡಗಿದ್ದರೆ, ದಯವಿಟ್ಟು ಇವತ್ತೇ ಹೊರಗೆ ತೆಗೀರಿ.