ಅಪರಿಚಿತರೊಡನೆ ಒಂದು ಊಟ

ಫ್ರಾನ್ಸಿನ ಭೋಜನಗೃಹವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಮೇಣದ ಬತ್ತಿಯ ಬೆಳಕು, ಓದಲು ಬಾರದ ಭಕ್ಷ್ಯಗಳ ಪಟ್ಟಿ, ಎದೆ ನಡುಗಿಸುವ ಬಿಲ್ಲು. ಲೂರ್ದಿನ ಯಾತ್ರೆ ಮುಗಿಸಿ ಪ್ಯಾರಿಸ್ಸಿನಲ್ಲಿ ಎರಡು ದಿನ ತಂಗಿದ್ದಾಗ ನಾನೂ ಜೊತೆಗಿದ್ದ ಗುರುಗಳೂ ಇದೇ ಅಂಜಿಕೆಯಿಂದ ಬರಿಯ ಬ್ರೆಡ್ಡು ತಿಂದು ದಿನ ದೂಡಿದ್ದೆವು. ಆ ಅಂಜಿಕೆ ಹುಸಿಯೆಂದು ಅರಿವಾದದ್ದು ಮರುದಿನ, ಫೋಬೂರ್ ಮೊಂಮಾರ್ತ್ರ್ ರಸ್ತೆಯ 7ನೆಯ ಸಂಖ್ಯೆಯ ಅಂಗಳದಲ್ಲಿ ‘ಬುಯೋಂ ಶಾರ್ತಿಯೆ’ಯ ಸರತಿಯ ಸಾಲಿನಲ್ಲಿ ನಿಂತಾಗ.

ಬುಯೋಂ ಎಂದರೆ ಮಾಂಸ ಬೇಯಿಸಿ ಬಸಿದ ತಿಳಿಸಾರು. 1850ರ ದಶಕದಲ್ಲಿ ದ್ಯುವಾಲ್ ಎಂಬ ಮಾಂಸದ ವ್ಯಾಪಾರಿ ಮಾರುಕಟ್ಟೆಯ ಕೂಲಿಕಾರರಿಗೆ ಇಂಥ ಸಾರನ್ನೂ ಬೆಂದ ಮಾಂಸವನ್ನೂ ಅಗ್ಗದ ದರದಲ್ಲಿ ಬಡಿಸತೊಡಗಿದನು. ಕ್ರಮೇಣ ಅಂಥ ಊಟದ ಮನೆಗಳಿಗೇ ಆ ಹೆಸರು ನಿಂತಿತು. ಶಾರ್ತಿಯೆ ಸಹೋದರರು ತಮ್ಮದನ್ನು ತೆರೆದದ್ದು 1896ರಲ್ಲಿ. 1989ರಿಂದ ಅದು ಸಂರಕ್ಷಿತ ಸ್ಮಾರಕ. ಮೇಲೆ ಗಾಜಿನ ಛಾವಣಿ, ತಲೆಯೆತ್ತರದಲ್ಲಿ ರೈಲುಡಬ್ಬಿಯಲ್ಲಿರುವಂತೆ ಹಿತ್ತಾಳೆಯ ಸಾಮಾನು ಹಲಗೆಗಳು, ಕಪ್ಪು ಬಿಳುಪಿನ ಉಡುಪಿನಲ್ಲಿ ಠೀವಿಯಿಂದ ಓಡಾಡುವ ಪರಿಚಾರಕರು. ಇಷ್ಟೆಲ್ಲ ವೈಭವದ ನಡುವೆ ತಟ್ಟೆಗೆ ಬರುವುದು ಬೇಯಿಸಿದ ಮೊಟ್ಟೆ, ತುರಿದ ಗಜ್ಜರಿ, ಹುಳಿಹಿಡಿಸಿದ ಎಲೆಕೋಸು! ಕಡಿಮೆ ಹಣ ಕೊಡುವವನನ್ನು ಕಡಿಮೆ ಮರ್ಯಾದೆಯಿಂದ ಕಾಣಬೇಕಿಲ್ಲವೆಂಬುದನ್ನು ಅಲ್ಲಿ ಮಾತಿನಲ್ಲಿ ಯಾರೂ ಹೇಳುವುದಿಲ್ಲ. ಗೋಡೆಯ ಮೇಲೊಂದು ದೊಡ್ಡ ಚಿತ್ರವಿದೆ. ಜೆರ್ಮೋಂ ಎಂಬ ಕಲಾವಿದ ತನ್ನ ಊಟದ ಸಾಲ ತೀರಿಸಲು 1929ರಲ್ಲಿ ಅದನ್ನು ಬರೆದುಕೊಟ್ಟನೆಂದು ಹೇಳುತ್ತಾರೆ. ನಿತ್ಯದ ಗಿರಾಕಿಗಳು ತಮ್ಮ ಕೈವಸ್ತ್ರ ಮಡಿಸಿಡುತ್ತಿದ್ದ, ಸಂಖ್ಯೆ ಬರೆದ ಸಣ್ಣ ಪೆಟ್ಟಿಗೆಗಳೂ ಇನ್ನೂ ಉಳಿದಿವೆ.

ನನ್ನನ್ನು ಹೆಚ್ಚು ಚಿಂತನೆಗೆ ಹಚ್ಚಿದ್ದು ಬೇರೊಂದು ಪದ್ಧತಿ. ಖಾಲಿ ಕುರ್ಚಿ ಎಲ್ಲಿದೆಯೋ ಅಲ್ಲಿ ನಿಮ್ಮನ್ನು ಕೂರಿಸುತ್ತಾರೆ, ಎದುರಿಗೆ ಯಾರಾದರೂ ಇರಲಿ. ತತ್ತ್ವಜ್ಞಾನಿ ಕಾಂಟ್ ಒಬ್ಬನೇ ಉಣ್ಣುವುದು ಚಿಂತಕನ ಆರೋಗ್ಯಕ್ಕೆ ಹಾನಿಯೆಂದು ನಂಬಿದ್ದವನು. ಊಟಕ್ಕೆ ಮೂವರಿಗೆ ಕಡಿಮೆಯಾಗಲಿ ಒಂಬತ್ತು ಮಂದಿಗೆ ಹೆಚ್ಚಾಗಲಿ ಇರಬಾರದೆಂದವನು. ಆದರೆ ಅವನ ಅತಿಥಿಗಳನ್ನು ಅವನೇ ಆರಿಸುತ್ತಿದ್ದನಲ್ಲವೆ? ಆರಿಸದೆ ದೊರೆತವರೊಡನೆ ರೊಟ್ಟಿಯ ಬುಟ್ಟಿ ಹಂಚಿಕೊಳ್ಳುವುದು ಅದಕ್ಕಿಂತ ಕಠಿಣವಾದ ಅಭ್ಯಾಸ. ನಮ್ಮ ‘ಪಂಕ್ತಿ’ ಎಂಬ ಪದಕ್ಕೆ ಯಾರ ಪಕ್ಕದಲ್ಲಿ ಯಾರು ಕೂರಬಾರದೆಂಬ ಚರಿತ್ರೆ ಅಂಟಿಕೊಂಡಿದೆ. ಅದನ್ನು ಮರೆತು ನಾನು ಪರದೇಶವನ್ನು ಹೊಗಳುತ್ತಿಲ್ಲ, ನೆನೆದೇ ಹೇಳುತ್ತಿದ್ದೇನೆ. ಫ್ರೆಂಚರ ಭೋಜನ ಸಂಪ್ರದಾಯವನ್ನು ಯುನೆಸ್ಕೋ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಗಣನೆಗೆ ಬಂದದ್ದು ರುಚಿಯೊಂದೇ ಅಲ್ಲ, ಜನರು ಕೂಡಿ ಕೂರುವ ರೀತಿಯೂ ಹೌದು.

ನಮ್ಮೆದುರಿಗೆ ಒಬ್ಬ ವೃದ್ಧೆ ಒಂಟಿಯಾಗಿ ಕುಳಿತಿದ್ದರು. ನಮಗೆ ಅವರ ಭಾಷೆ ಬಾರದು, ಅವರಿಗೆ ನಮ್ಮದು. ನಾವು ಕುಡಿಯುವ ನೀರಿಗೂ ಹಣ ತೆರಬೇಕೇನೋ ಎಂದು ಹಿಂಜರಿಯುವುದನ್ನು ಕಂಡು, ಅವರೇ ಹೂಜಿಯೆತ್ತಿ ನಮ್ಮ ಲೋಟಗಳಿಗೆ ಸುರಿದರು. ತಟ್ಟೆಯಲ್ಲುಳಿದ ರಸವನ್ನು ರೊಟ್ಟಿಯ ಚೂರಿನಿಂದ ಬಳಿದು ತಿನ್ನಬಹುದೆಂದು ತಾವೇ ಮಾಡಿ ತೋರಿಸಿದರು. ಒಂದು ತಾಸು ನಾವು ಮೂವರೂ ಮಾತಿಲ್ಲದೆ ನಗುತ್ತ ಉಂಡೆವು.

ಪರಿಚಾರಕ ಬಂದು, ಮೇಜಿಗೆ ಹಾಸಿದ್ದ ಕಾಗದದ ಮೇಲೆಯೇ ಲೆಕ್ಕ ಗೀಚಿ ಮೊತ್ತ ಕೂಡಿಸಿದ. ಅದು ಅಲ್ಲಿಯ ಹಳೆಯ ರೂಢಿ. ವೃದ್ಧೆ ಹಣವಿತ್ತು ಎದ್ದರು, ನಮ್ಮಿಬ್ಬರ ಕೈ ಕುಲುಕಿದರು. ಅವರ ಕುರ್ಚಿಗೆ ಆಗಲೇ ಬಣ್ಣ ಬಳಿಯುವ ಕೆಲಸದ ಯುವಕನೊಬ್ಬ ಬಂದು ನಿಂತಿದ್ದ. ಈ ಸಲ ಹೂಜಿಯನ್ನು ನಾನು ಎತ್ತಿದೆ.