ವೆಂಟಿಲೇಟರ್ ಹಾಕಿದರೆ ಕಥೆ ಮುಗಿಯಿತೇ?

ಲಕ್ವ ಹೊಡೆದು ವೆಂಟಿಲೇಟರ್ ಸೇರಿದವರು ಎದ್ದು ಬರುವುದಿಲ್ಲ, ಏರುವುದು ಬಿಲ್ಲು ಮಾತ್ರ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಬಿಲ್ಲಿನ ಮಾತು ಒಪ್ಪಿದೆ. ಮೊದಲನೆಯದನ್ನು ಒಪ್ಪಲಾರೆ.

ಜರ್ಮನಿ, ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಸೆಟ್‌ಪಾಯಿಂಟ್-2 ಅಧ್ಯಯನದಲ್ಲಿ ಇದ್ದವರು 382 ಮಂದಿ. ಎಲ್ಲರೂ ವೆಂಟಿಲೇಟರ್ ಮೇಲಿದ್ದ ತೀವ್ರ ಪಾರ್ಶ್ವವಾಯು ರೋಗಿಗಳೇ. ಗಂಟಲಿಗೆ ಬೇಗ ತೂತು ಮಾಡಿ ಕೊಳವೆ ಇಟ್ಟರೆ ಲಾಭವೇ ಎಂದು ನೋಡಿದರು, ಲಾಭ ಕಾಣಲಿಲ್ಲ. ಆದರೆ ಆರು ತಿಂಗಳ ಹೊತ್ತಿಗೆ ಬೇಗ ಕೊಳವೆ ಇಟ್ಟವರ, ಬೇಗ ಇಡದವರ ಎರಡೂ ಗುಂಪುಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಪೂರ್ತಿ ಹಾಸಿಗೆ ಹಿಡಿಯದೆ ಬದುಕಿದ್ದರು. ಎಲ್ಲರೂ ಓಡಾಡುತ್ತಿದ್ದರು ಎನ್ನುತ್ತಿಲ್ಲ. ನಡೆಯಲು, ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾದವರೂ ಆ ಲೆಕ್ಕದಲ್ಲಿದ್ದಾರೆ.

ನಮ್ಮ ದೊಡ್ಡಮ್ಮ ಲಕ್ವ ಹೊಡೆದು ವೆಂಟಿಲೇಟರ್ ಮೇಲಿದ್ದಾಗ ಆಸ್ಪತ್ರೆಯವರು ಮೂರನೇ ದಿನವೇ ‘ಸಹಿ ಹಾಕಿ, ಕರೆದುಕೊಂಡು ಹೋಗಿ’ ಎಂದರು. ಅಣ್ಣ ಪೆನ್ನು ಮುಟ್ಟಲಿಲ್ಲ. ಒಂಬತ್ತನೇ ದಿನ ದೊಡ್ಡಮ್ಮನ ಎಡಗೈ ಹೊದಿಕೆಯ ಅಂಚು ಹಿಡಿದೆಳೆಯಿತು. ಈಗ ಮಾತು ತೊದಲು, ಬೈಗುಳ ಮಾತ್ರ ಸ್ಪಷ್ಟ!

ಬೇಗ ಕೈಚೆಲ್ಲುತ್ತೇವೆ, ಕೊಳವೆ ತೆಗೆಸುತ್ತೇವೆ, ಆಮೇಲೆ ಆ ಸಾವನ್ನೇ ‘ಯಾರೂ ಉಳಿಯುವುದಿಲ್ಲ’ ಎಂಬುದಕ್ಕೆ ಸಾಕ್ಷಿ ಮಾಡುತ್ತೇವೆ. ಸಹಿ ಹಾಕುವ ಮುನ್ನ ವೈದ್ಯರನ್ನು ಕೇಳಿ: ಮಿದುಳಿನ ಯಾವ ಭಾಗಕ್ಕೆ ಪೆಟ್ಟು, ಎಷ್ಟು ದಿನ ಕಾದು ನೋಡಬಹುದು?